ಬೀಗರ ನಡುವೆ ವಾಯು ಕಾಯ್ದೆ

ಅವ್ವನ ಫೋನ್ ಬಂದಾಗ ನನ್ನ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಮೊಣಕೈಯಿಂದ ಸ್ಪೀಕರ್ ಒತ್ತಿದೆ.

"ಬಸ್ ಸ್ಟ್ಯಾಂಡಿನ್ಯಾಗ ಇಳದೀನಿ," ಅಂದಳು. "ನಿಮ್ಮ ಮಾವನೋರ ದಾಲ್ ಮಿಲ್ಲಿನ ಮ್ಯಾಲ ಒಂದು ತಕರಾರು ಕೊಡೂದದ, ಪರಿಸರದ ಆಫೀಸಿನ್ಯಾಗ. ಕೊಟ್ಟು ಹಂಗೇ ಊಟಕ್ಕ ಮನಿಗೆ ಬರ್ತೀನಿ. ಬ್ಯಾಳಿ ಜರಾ ತೆಳ್ಳಗ ಮಾಡು."

ಕಾಯಿಪಲ್ಲೆ ತರಲು ಹೊರಟವರು ಹೇಳುವ ಹಾಗೆ ಹೇಳಿ ಫೋನಿಟ್ಟಳು. ನಾನು ತಟ್ಟುತ್ತಿದ್ದ ರೊಟ್ಟಿ ಹರಿದುಹೋಯಿತು. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಮಾವ, "ಯಾರದವ್ವಾ ಫೋನು?" ಎಂದು ಕೇಳಿದರು. "ಅವ್ವ ಊಟಕ್ಕ ಬರ್ತಾಳಂತ್ರಿ," ಅಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. "ಬೀಗ್ತೇರು ಬರಾಕತ್ತಾರೇನು! ಹಂಗಾರ ಹೋಳಿಗಿ ಮಾಡ್ರಿ," ಎಂದು ಮಾವ ಪೇಪರ್ ಮಡಚಿ ಎದ್ದೇಬಿಟ್ಟರು, ಬೆಲ್ಲ ಇದೆಯೋ ಇಲ್ಲವೋ ನೋಡಲು. ತಮ್ಮ ಮೇಲೆಯೇ ದೂರು ಕೊಡಲು ಬಂದವಳಿಗೆ ಹೋಳಿಗೆ ಮಾಡಿಸಿ ಉಣಬಡಿಸಿದ ಮಿಲ್ ಮಾಲೀಕರು ಈ ರಾಜ್ಯದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಇದನ್ನು ಮೊದಲಿನಿಂದ ಹೇಳಿದರೇ ಸರಿ. ನನ್ನ ತವರು ಕಮಲಾಪುರ, ಕೊಟ್ಟ ಮನೆ ಕಲಬುರಗಿಯ ಖೂಬಾ ಪ್ಲಾಟ್. ಮಾವ ಮೊದಲು ನಂದೂರಿನಲ್ಲಿ ತಮ್ಮ ಅಣ್ಣನ ಜೊತೆ ಸೇರಿ ಬೇಳೆ ಮಿಲ್ ನಡೆಸುತ್ತಿದ್ದರು. ಪಾಲಾದ ಮೇಲೆ ಸ್ವಂತದ್ದೊಂದು ಹಾಕಬೇಕೆಂದು ಜಾಗ ಹುಡುಕುತ್ತಿದ್ದ ದಿನಗಳಲ್ಲಿ, ತವರಿಗೆ ಹೋಗಿದ್ದ ನನ್ನನ್ನು ಕರೆದೊಯ್ಯಲು ಕಮಲಾಪುರಕ್ಕೆ ಬಂದರು. ಹೊರಡುವಾಗ ಕಳಿಸಿಕೊಡಲು ನಮ್ಮ ಬಾಳೆ ತೋಟದ ಬದುವಿನವರೆಗೆ ಬಂದ ಅವ್ವ, ಪಕ್ಕದ ಬಯಲಿನತ್ತ ಕೈ ತೋರಿಸಿ, "ಇದು ಖಾಲಿ ಬಿದ್ದದ ನೋಡ್ರಿ, ರೋಡಿಗೆ ಹತ್ತೇ ಅದ. ನೀವು ಇಲ್ಲೇ ಬಂದ್ರ ನನ್ನ ಮಗಳೂ ಮ್ಯಾಲಿಂದ ಮ್ಯಾಲ ಬರ್ತಾಳ," ಅಂದಳು. ಮಾವನಿಗೆ ಆ ಮಾತು ಹಿಡಿಸಿತು. ಮಿಲ್ ಬಂತು. ನಾನೂ ಮೇಲಿಂದ ಮೇಲೆ ಬಂದೆ, ಮಿಲ್ಲಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳಲು. ನನ್ನ ಜೊತೆಗೆ ಧೂಳೂ ಬಂತು. ಜಾಗ ತೋರಿಸಿದವಳೇ ಅವ್ವ, ಇನ್ನು ಯಾರ ಮೇಲೆ ಸಿಟ್ಟಾಗುತ್ತಾಳೆ!

ಬೇಳೆ ತಿನ್ನುವವರಿಗೆ ಅದರ ಧೂಳಿನ ಪರಿಚಯ ಇರುವುದಿಲ್ಲ. ತೊಗರಿಗೆ ಎಣ್ಣೆ ಸವರಿ, ಅಂಗಳದಲ್ಲಿ ಒಣಗಿಸಿ, ಯಂತ್ರಕ್ಕೆ ಹಾಕಿ ಉಜ್ಜಿ ಹೊಟ್ಟು ಬಿಡಿಸುವಾಗ ಏಳುವ ಧೂಳು ಜರಡಿ ಹಿಡಿದ ಹಿಟ್ಟಿಗಿಂತ ನುಣುಪು. ಎಲ್ಲಿ ಬೇಕಾದರೂ ಹೋಗುತ್ತದೆ, ಎಲ್ಲಿ ಬೇಕಾದರೂ ಕೂರುತ್ತದೆ. ಕಮಲಾಪುರದ ಬಾಳೆಗೆ ಹಣ್ಣು ಕೆಂಪು ಎಂಬ ಹೆಸರಿದೆ. ಮಿಲ್ ಬಂದ ಮೇಲೆ ನಮ್ಮ ತೋಟದಲ್ಲಿ ಎಲೆಗೂ ಆ ಹೆಸರು ಬಂತು. ಊಟಕ್ಕೆ ಎಲೆ ಕೊಯ್ದು ತಂದರೆ ಮೊದಲು ಅದಕ್ಕೆ ಸ್ನಾನ ಮಾಡಿಸಬೇಕು.

ಎಲೆಗಾದರೆ ನೀರು ಹಾಕಬಹುದು. ಅವ್ವನ ಎದೆಗೆ ಹಾಕಲಾದೀತೆ? ಮೊದಲ ವರ್ಷ ಕೆಮ್ಮು ಬಂದಾಗ ಹವೆ ಸರಿಯಿಲ್ಲ ಅಂದಳು. ಮರುವರ್ಷ ಹಣ್ಣು ಜಾಸ್ತಿ ತಿಂದೆ ಅಂದಳು. ಆಮೇಲೆ ನೆಪಗಳು ಮುಗಿದವು, ಕೆಮ್ಮು ಉಳಿಯಿತು. ತೊಗರಿ ಸುಗ್ಗಿಯಲ್ಲಿ ಮಿಲ್ ಬಿಡುವಿಲ್ಲದೆ ಓಡುತ್ತದೆ. ಅಂಥದೊಂದು ಸುಗ್ಗಿಯಲ್ಲಿ ನಾನು ತವರಿನಲ್ಲಿ ಉಳಿದಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಅವ್ವ ಕೂತೇ ನಿದ್ದೆ ಮಾಡುತ್ತಿದ್ದಾಳೆ. ಬೆನ್ನಿಗೆ ಮನೆಯ ಕೌದಿಗಳನ್ನೆಲ್ಲ ಒಟ್ಟಿಕೊಂಡಿದ್ದಾಳೆ, ಕಿಟಕಿಗೆ ಒದ್ದೆ ಸೀರೆ ಕಟ್ಟಿದ್ದಾಳೆ, ಆದರೂ ಪ್ರತಿ ಉಸಿರಿಗೂ ಎದೆಯಿಂದ ಸಣ್ಣ ಸಿಳ್ಳು ಬರುತ್ತಿದೆ. ನನಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ತಮ್ಮನ ಮೇಲೆ ಹರಿಹಾಯ್ದೆ. ಅವನು ಪಾಪ ಅವಳ ಜೊತೆಗೇ ಇರುವವನು, ಅವನೂ ಕೆಮ್ಮುತ್ತಲೇ ಬೈಸಿಕೊಂಡ.

ಕಲಬುರಗಿಯ ಡಾಕ್ಟರು ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟು ನೇರವಾಗಿ ಹೇಳಿದರು: ಮುಂದಿನ ಸುಗ್ಗಿಯೊಳಗೆ ಧೂಳಾದರೂ ನಿಲ್ಲಬೇಕು, ಇವರಾದರೂ ಅಲ್ಲಿಂದ ಏಳಬೇಕು. ನನ್ನ ತಮ್ಮ ನಗರದಲ್ಲಿ ಬಾಡಿಗೆ ಮನೆ ನೋಡಲು ಶುರು ಮಾಡಿದ. "ನಾ ನೆಟ್ಟ ಬಾಳಿ ಬಿಟ್ಟು ಬಾಡಗಿ ಮನ್ಯಾಗ ಕೂತು ಮಂದಿ ಮಾಳಗಿ ನೋಡ್ಲೇನು?" ಎಂದು ಅವ್ವ ಕೇಳಿದಳು. ಕೇಳಿ ಮುಗಿಸುವಷ್ಟರಲ್ಲಿ ಪಂಪು ಬೇಕಾಯಿತು.

ಮಾವನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಹೇಳುವವರು ಯಾರು? ನಮ್ಮ ಕಡೆ ಹೆಣ್ಣು ಕೊಟ್ಟವರು ಗಂಡಿನ ಕಡೆಯ ಬೀಗರಿಗೆ ಎದುರು ಮಾತಾಡುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಬೀಗರ ಮನೆಯಲ್ಲಿ "ಭಾಳ ಛಲೋ ಆಗ್ಯಾದ್ರಿ" ಅನ್ನಬೇಕು. ಊರಿಗೆಲ್ಲ ಬುದ್ಧಿ ಹೇಳುವ ಅವ್ವ, ಪ್ರಾಥಮಿಕ ಶಾಲೆಯ ಹೆಡ್ ಮಾಸ್ತರಾಗಿ ನಿವೃತ್ತಳಾದವಳು, ಮಾವ ಕಂಡರೆ ಸೆರಗು ತಲೆಯ ಮೇಲೆ ಹೊದ್ದು ದನಿ ಅರ್ಧ ಮಾಡಿಬಿಡುತ್ತಾಳೆ. ತಮ್ಮನಂತೂ ಮಾವನನ್ನು ಕಂಡರೆ ಚಪ್ಪಲಿ ಬಿಟ್ಟೇ ನಿಲ್ಲುತ್ತಾನೆ. ಸೊಸೆಯಾದ ನಾನು ಹೇಳುವ ಹಾಗಿಲ್ಲ. ಅತ್ತೆ ಇದ್ದಿದ್ದರೆ ಹೇಳುತ್ತಿದ್ದರೇನೋ, ಅವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡನಿಗೆ ಹೇಳಿದೆ. ಆತ "ನೋಡೋಣ" ಅಂದ. ಆತ ಯಾವುದನ್ನಾದರೂ ನೋಡುವುದಿಲ್ಲ ಎಂದು ತೀರ್ಮಾನಿಸಿದಾಗ ಹಾಗೆ ಅನ್ನುವುದು.

ಒಮ್ಮೆ ಮಾತ್ರ ಧೈರ್ಯ ಮಾಡಿ ಮಾವನ ಮುಂದೆ, "ಅವ್ವಗ ಕೆಮ್ಮು ಭಾಳ ಆಗ್ಯಾದ್ರಿ," ಎಂದು ಅಷ್ಟಕ್ಕೇ ನಿಲ್ಲಿಸಿದೆ. ಮಾವ ಕರಗಿಹೋದರು. ಮರುದಿನವೇ ಒಂದು ಬಾಟಲಿ ಜೇನುತುಪ್ಪ, ಅರಿಸಿಣ, ಮೆಣಸು, ತುಳಸಿ, ಹಾಲಿಗೆ ಹಾಕಲು ಕಲ್ಲುಸಕ್ಕರೆ ಎಲ್ಲ ಕಟ್ಟಿಸಿ ಮಿಲ್ಲಿನ ಟೆಂಪೋದಲ್ಲೇ ಅವ್ವನಿಗೆ ಕಳಿಸಿದರು. ಔಷಧಿ ಹೊತ್ತ ಟೆಂಪೋ ಮಿಲ್ಲಿನ ಗೇಟಿನಿಂದ ಹೊರಟಿತು. ಅದರ ಬೆನ್ನಿಗೆ ಮಿಲ್ಲಿನ ಧೂಳೂ ಅವ್ವನ ಮನೆ ಕಡೆಗೇ ಹೊರಟಿತು.

ಮಾವ ಕೆಟ್ಟವರಲ್ಲ, ಕಾನೂನು ಮುರಿಯುವವರಂತೂ ಅಲ್ಲವೇ ಅಲ್ಲ. ಮಿಲ್ ನಡೆಸಲು ಸರಕಾರದ ಸಮ್ಮತಿ ಬೇಕು, ಸಮ್ಮತಿಗೆ ಷರತ್ತುಗಳಿರುತ್ತವೆ. ಧೂಳು ಹಿಡಿಯುವ ಯಂತ್ರ ಇರಬೇಕು ಎಂಬುದು ಅದರಲ್ಲೊಂದು. ಷರತ್ತು ಓದಿ ಹೇಳಿದವಳು ನಾನೇ. ಮಾವ ಮರುಮಾತಾಡದೆ, ಸಿಕ್ಕವುಗಳಲ್ಲಿ ಒಳ್ಳೆಯದನ್ನೇ ತರಿಸಿದರು. ಮನೆಯೆತ್ತರದ ಯಂತ್ರ, ತಿಳಿ ನೀಲಿ ಬಣ್ಣ, ಒಳಗೆ ಸಾಲಾಗಿ ನೇತುಹಾಕಿದ ಬಿಳಿ ಬಟ್ಟೆಯ ಚೀಲಗಳು. ಮಿಲ್ಲಿನ ಧೂಳನ್ನು ಕೊಳವೆಯಲ್ಲಿ ಎಳೆದುಕೊಂಡು ಈ ಚೀಲಗಳಲ್ಲಿ ಸೋಸಿ, ಶುದ್ಧ ಗಾಳಿಯನ್ನು ಮಾತ್ರ ಹೊರಗೆ ಬಿಡಬೇಕು. ಅದನ್ನು ಕೂರಿಸಿದ ದಿನ ಭಟ್ಟರನ್ನು ಕರೆಸಿ ಪೂಜೆ ಮಾಡಿಸಿದರು. ಒಳಗೆ ಹೊರಗೆ ಅರಿಸಿಣ ಕುಂಕುಮ, ಚೆಂಡು ಹೂವಿನ ಮಾಲೆ, ಒಡೆದ ತೆಂಗಿನಕಾಯಿ, ನಿಂಬೆಹಣ್ಣು. ಆಮೇಲೆ ಅದರ ಮೇಲೊಂದು ಹೊಸ ತಾಡಪತ್ರಿ ಹೊದಿಸಿ ಹಗ್ಗ ಬಿಗಿದರು. ಕತೆ ಅಲ್ಲಿಗೇ ನಿಂತಿತು.

ನಮ್ಮ ಮನೆಯ ಪದ್ಧತಿ ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನ್ನಿಸಬಹುದು. ಖೂಬಾ ಪ್ಲಾಟಿನ ನಮ್ಮ ಸೋಫಾದ ಬಣ್ಣ ಯಾವುದೆಂದು ನನಗೇ ಸರಿಯಾಗಿ ಗೊತ್ತಿಲ್ಲ, ಅಂಗಡಿಯವರು ಹಾಕಿಕೊಟ್ಟ ಪ್ಲಾಸ್ಟಿಕ್ಕಿನ ಮೇಲೆಯೇ ಇವತ್ತಿಗೂ ಕೂರುತ್ತೇವೆ. ನನ್ನ ಮದುವೆಗೆ ಬಂದ ಮಿಕ್ಸರ್ ಡಬ್ಬಿಯಲ್ಲೇ ಇದೆ. ಒಳ್ಳೆಯ ವಸ್ತು ಇರುವುದು ಬಂದವರು ನೋಡಲಿಕ್ಕೆ, ಬಳಸಿ ಹಾಳು ಮಾಡಲಿಕ್ಕಲ್ಲ ಎಂಬುದು ಮಾವನ ಧರ್ಮ. ಆ ಯಂತ್ರವೂ ಅವರ ಲೆಕ್ಕದಲ್ಲಿ ಅಧಿಕಾರಿಗಳು ಬಂದಾಗ ತೋರಿಸುವ ವಸ್ತು. ವಾರಕ್ಕೊಮ್ಮೆ ತಾಡಪತ್ರಿ ಸರಿಸಿ ತಾವೇ ಒರೆಸುತ್ತಿದ್ದರು. ಒಮ್ಮೆ ಗಂಡ ಬಾಯಿಬಿಟ್ಟು, "ಅಪ್ಪಾ, ಅದನ್ನ ಜರಾ ಚಾಲೂ ಮಾಡೂನೇನು?" ಎಂದು ಕೇಳಿದ. ಮಾವ ಬೆಚ್ಚಿಬಿದ್ದು ಅಂದರು: "ಹುಚ್ಚ ಅದೀಯೇನು? ಧೂಳ ಹತ್ತತದ!"

ಹೀಗೆ ಧೂಳು ಹಿಡಿಯುವ ಯಂತ್ರ ಧೂಳಿನಿಂದ ತನ್ನನ್ನು ಕಾಪಾಡಿಕೊಂಡು ಸುಖವಾಗಿತ್ತು. ಧೂಳು ಹಿಡಿಯುವ ಕೆಲಸವನ್ನು ಅವ್ವ ಮಾಡುತ್ತಿದ್ದಳು.

ಆದರೆ ಅವ್ವ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಪರಿಸರದ ಪಾಠ ಹೇಳಿ ಹೇಳಿ ಕೂದಲು ಬೆಳ್ಳಗಾದವಳು. ಕಾರ್ಖಾನೆಯ ಹೊಗೆ, ಧೂಳಿನಿಂದ ತೊಂದರೆಯಾದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ, ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಬೇಕು ಎಂದು ಬರೆಸಿ ಬರೆಸಿ ಎಷ್ಟು ಮಕ್ಕಳನ್ನು ಪಾಸು ಮಾಡಿದ್ದಳೋ. ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳು ಆ ಉತ್ತರವನ್ನು ತಾನೇ ಬರೆಯಲು ಹೊರಟಿದ್ದಳು. ಊಟಕ್ಕೆ ಬಂದಾಗ ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದೆ: "ಏನವ್ವಾ ಇದು? ಬೀಗರ ಮ್ಯಾಲ ಸರಕಾರಕ್ಕ ಹೋಗೂದಂದ್ರೇನು?"

"ಬೀಗರಿಗೆ ನಾ ಮಾತಾಡಬಾರದು," ಅಂದಳು. "ಸರಕಾರ ಹೆಣ್ಣು ಕೊಟ್ಟಿಲ್ಲಲ್ಲ. ಅದು ಮಾತಾಡ್ಲಿ."

ನಾನು ಹೋಳಿಗೆ ಬಡಿಸಿದೆ. ಮಾವ ಎದುರಿಗೆ ಕೂತು ತಾವೇ ತುಪ್ಪ ಹಾಕಿದರು. ಅವ್ವ ತಂದ ಬಾಳೆಹಣ್ಣಿನ ಚಿಪ್ಪು ನಡುವೆ ಇತ್ತು.

"ಏನು ಕೆಲಸ ಇತ್ರಿ ಬೀಗ್ತೇರ, ಕಲಬುರಗ್ಯಾಗ?"

"ಒಂದು ಸರಕಾರಿ ಕೆಲಸ ಇತ್ರಿ," ಅಂದಳು ಅವ್ವ, ಸೆರಗು ಮುಂದೆ ಎಳೆದುಕೊಂಡು. "ಅರ್ಜಿ ಕೊಟ್ಟು ಬಂದೀನ್ರಿ."

"ಕೊಟ್ರ ಆಗೂದಿಲ್ರಿ. ಬೆನ್ನ ಹತ್ತಬೇಕು. ವಾರಕ್ಕೊಮ್ಮಿ ಹೋಗಿ ನಿಂದರ್ರಿ. ಏನಾತು, ಎಲ್ಲಿಗಿ ಬಂತು ಅಂತ ಕೇಳ್ರಿ. ಸುಮ್ಕ ಕೂತ್ರ ಸರಕಾರದಾಗ ಎಲಿ ಅಲುಗೂದಿಲ್ಲ. ಬಿಡಬ್ಯಾಡ್ರಿ ನೀವು!"

"ಬಿಡೂದಿಲ್ರಿ," ಅಂದಳು ಅವ್ವ. ಆಮೇಲೆ ನನ್ನ ಕಡೆ ನೋಡಿ, "ಹೋಳಿಗಿ ಭಾಳ ಛಲೋ ಆಗ್ಯಾದ," ಅಂದಳು. ನಾನು ನೀರು ತರುವ ನೆಪದಲ್ಲಿ ಎದ್ದು ಒಳಗೆ ಹೋಗಿ ಗೋಡೆಗೆ ತಲೆ ಆನಿಸಿ ನಿಂತೆ. ನಗು ಬರುತ್ತಿತ್ತೋ ಹೆದರಿಕೆ ಬರುತ್ತಿತ್ತೋ, ಎರಡೂ ಕೂಡಿಯೇ ಬರುತ್ತಿದ್ದವು.

ಬೀಗರ ಸಲಹೆಯನ್ನು ಅವ್ವ ಚಾಚೂ ತಪ್ಪದೆ ಪಾಲಿಸಿದಳು. ಬೆನ್ನು ಹತ್ತಿದಳು. ಕೆಲವು ವಾರಗಳಲ್ಲಿ ಮಿಲ್ಲಿಗೆ ತಪಾಸಣೆ ಬರುತ್ತದೆ ಎಂದು ತಿಳಿದುಬಂತು. ನೆರೆಯವರಿಂದ ದೂರು ಬಂದಿದೆ ಎಂದಷ್ಟೇ ಆಫೀಸಿನವರು ಫೋನಿನಲ್ಲಿ ಹೇಳಿದರು. ಮಾವ ಆ ಸುದ್ದಿಗೆ ಸ್ವಲ್ಪವೂ ಅಂಜಲಿಲ್ಲ, ಖುಷಿಯಾದರು. ಅಷ್ಟು ದಿನ ಒರೆಸಿ ಒರೆಸಿ ಇಟ್ಟದ್ದನ್ನು ನೋಡಲು ಕೊನೆಗೂ ಯಾರೋ ಬರುವವರಿದ್ದರು! "ಯಾರೋ ಹೊಟ್ಟಿಕಿಚ್ಚಿನವ್ರು ಕೊಟ್ಟಿರಬೇಕು," ಅಂದರು. "ನೆರೆಯವ್ರನ್ನ ಕೇಳ್ತಾರಂತ. ಕೇಳ್ಲಿ. ನಮ್ಮ ನೆರಿ ಅಂದ್ರ ಬೀಗ್ತೇರೇ ಅಲ್ಲೇನು? ನಿಮ್ಮವ್ವಗ ಫೋನ್ ಮಾಡಿ ಅವತ್ತು ಮಿಲ್ಲಿಗೆ ಬರ್ಲಿಕ್ಕೆ ಹೇಳು. ನಮ್ಮ ಕಡಿಂದ ಎರಡು ಮಾತು ಆಡ್ಲಿ."

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು ನನಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವ್ವನಿಗೆ ಫೋನ್ ಮಾಡಿ ಹೇಳಿದೆ. "ಬೀಗರು ಕರದ ಮ್ಯಾಲ ಬರಲಿಕ್ಕೇ ಬೇಕಲ್ಲ," ಅಂದಳು.

ತಪಾಸಣೆಯ ದಿನ ಮಿಲ್ಲಿನ ಅಂಗಳ ಗುಡಿಸಿ ನೀರು ಹೊಡೆದಿದ್ದರು. ಬಾಗಿಲಲ್ಲಿ ರಂಗೋಲಿ. ಯಂತ್ರದ ತಾಡಪತ್ರಿ ತೆಗೆದು ಹೊಸ ಮಾಲೆ ಹಾಕಿದ್ದರು. ಅವ್ವ ಇಳಕಲ್ ಸೀರೆ ಉಟ್ಟು ಬಂದು ಖುರ್ಚಿಯಲ್ಲಿ ಕೂತಿದ್ದಳು, ಮೂಗಿಗೆ ಸೆರಗು ಹಿಡಿದುಕೊಂಡು. ಬಂದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತುಮಕೂರಿನ ಕಡೆಯ ಮಾತು, ಮುಖದಲ್ಲಿ ನಗು ಕಡಿಮೆ. ಚಹಾ ಬೇಡ ಅಂದರು, ಬಾಳೆಹಣ್ಣು ಬೇಡ ಅಂದರು. "ಮೊದಲು ಯಂತ್ರ ನೋಡೋಣ," ಅಂದರು. ಮಾವನಿಗೆ ಬೇಕಾದದ್ದೂ ಅದೇ.

ಏಣಿ ಇಟ್ಟು ಮೇಡಮ್ಮು ಮೇಲೆ ಹತ್ತಿ ಯಂತ್ರದ ಬಾಗಿಲು ತೆಗೆದರು. ಬಿಳಿ ಚೀಲಗಳು ಶಾಲೆಯ ಮೊದಲ ದಿನದ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಕುಂಕುಮ ಇತ್ತು, ಒಣಗಿದ ಚೆಂಡು ಹೂವಿತ್ತು, ಮುರುಟಿದ ನಿಂಬೆಹಣ್ಣಿತ್ತು. ಮೇಡಮ್ಮು ಕರವಸ್ತ್ರ ತೆಗೆದು ಒಳಗೋಡೆ ಒರೆಸಿ ನೋಡಿದರು. ಬಿಳಿ ಕರವಸ್ತ್ರ ಬಿಳಿಯಾಗಿಯೇ ಹೊರಬಂತು. ಮಾವನ ಮುಖ ಅರಳಿತು.

"ನೋಡಿದ್ರಿಲ್ರಿ ಮೇಡಮ್ಮಾರ? ಒಂದು ಚಿಟಿಕಿ ಧೂಳಿಲ್ಲ!"

"ಇದು ಎಷ್ಟು ದಿನದಿಂದ ಓಡ್ತಿದೆ?"

"ಒಂದ ದಿನಾನೂ ಓಡಿಸಿಲ್ರಿ!" ಅಂದರು ಮಾವ, ಎದೆಯುಬ್ಬಿಸಿ. "ತಂದ ದಿನ ಹೆಂಗಿತ್ತೋ ಹಂಗೇ ಇಟ್ಟೀನಿ. ಬೇಕಾದ್ರ ಬಿಲ್ ತೋರಿಸ್ತೀನಿ."

ಮೇಡಮ್ಮು ಏಣಿಯ ಮೇಲಿಂದಲೇ ತಿರುಗಿ ಮಾವನನ್ನು ನೋಡಿದರು. ಇಂಥ ತಪ್ಪೊಪ್ಪಿಗೆ ಅವರಿಗೂ ಹೊಸದಿರಬೇಕು. "ಸರ್, ಧೂಳು ಹಿಡಿಯೋ ಮಷಿನ್ನಲ್ಲಿ ಧೂಳೇ ಇಲ್ಲ ಅಂದ್ರೆ, ಆ ಧೂಳೆಲ್ಲ ಎಲ್ಲಿಗೆ ಹೋಗುತ್ತೆ?"

"ಹೊರಗ ಹೋಗ್ತದ್ರಿ," ಅಂದರು ಮಾವ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

ಮೇಡಮ್ಮು ಇಳಿದು ಬರೆದುಕೊಳ್ಳತೊಡಗಿದರು. ಏನೋ ಎಡವಟ್ಟಾಗಿದೆ ಎಂದು ಮಾವನಿಗೆ ಆಗ ಅನ್ನಿಸಿತು. ಕೈಯಲ್ಲಿದ್ದ ಕೊನೆಯ ಆಸರೆಯನ್ನು ಮುಂದೆ ಮಾಡಿದರು: "ಮೇಡಮ್ಮಾರ, ಇವ್ರು ನಮ್ಮ ಬೀಗ್ತೇರು. ಪಕ್ಕದ ತ್ವಾಟ ಇವರದೇ. ನಮ್ಮ ಮಿಲ್ಲಿಂದ ಏನರೇ ತ್ರಾಸ ಅದೇನು, ಇವರನ್ನ ಕೇಳ್ರಿ."

ಮೇಡಮ್ಮು ಅವ್ವನನ್ನು ನೋಡಿದರು, ಕಾಗದ ನೋಡಿದರು. "ಅಮ್ಮಾ, ದೂರು ಕೊಟ್ಟಿರೋದು ನೀವೇ ಅಲ್ವಾ?"

"ಹೌದ್ರಿ," ಅಂದಳು ಅವ್ವ.

ಮಾವ ನಕ್ಕರು. ಬೀಗಿತಿ ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡರು. ಅವ್ವ ನಗಲಿಲ್ಲ. ಮಾವ ನನ್ನ ಕಡೆ ನೋಡಿದರು, ನಾನು ರಂಗೋಲಿ ನೋಡಿದೆ. ಮಾವನ ನಗು ನಿಧಾನಕ್ಕೆ ಇಳಿಯಿತು. ಬೀಗರಿಬ್ಬರೂ ನೇರ ಜಗಳವಾಡುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಇಬ್ಬರೂ ಮೇಡಮ್ಮಿನ ಕಡೆ ತಿರುಗಿದರು.

"ಮೇಡಮ್ಮಾರ, ಬೀಗ್ತೇರನ್ನ ಕೇಳ್ರಿ. ನಾವು ಏನು ಕಡಿಮಿ ಮಾಡೀವಿ?"

"ಬೀಗರಿಗೆ ಹೇಳ್ರಿ ಮೇಡಮ್ಮಾರ, ಅವರು ಏನೂ ಕಡಿಮಿ ಮಾಡಿಲ್ಲ. ಧೂಳೂ ಕಡಿಮಿ ಮಾಡಿಲ್ಲ."

"ಜೇನುತುಪ್ಪ ಕಳಿಸಿದ್ದೆ. ಹೌದೋ ಅಲ್ಲೋ ಕೇಳ್ರಿ."

"ಭಾಳ ಛಲೋ ಇತ್ತು ಅಂತ ಹೇಳ್ರಿ. ಮುಚ್ಚಳ ತಗಿಯೂದ್ರಾಗ ಅದರ ಮ್ಯಾಲೂ ಧೂಳ ಕೂತಿತ್ತು."

ಇಷ್ಟು ಹೇಳುವಷ್ಟರಲ್ಲಿ ಅವ್ವನಿಗೆ ಕೆಮ್ಮು ಹತ್ತಿತು. ಬಗ್ಗಿ, ಖುರ್ಚಿಯ ಕೈ ಹಿಡಿದು, ಪಂಪು ತೆಗೆದು ಬಾಯಿಗಿಟ್ಟುಕೊಂಡಳು. ಮಿಲ್ಲಿನ ಸದ್ದಿನ ನಡುವೆಯೂ ಅವಳ ಎದೆಯ ಸಿಳ್ಳು ಕೇಳಿತು. ಮಾವ ಎರಡು ಹೆಜ್ಜೆ ಮುಂದೆ ಬಂದು, ಮತ್ತೆ ಹಿಂದೆ ಸರಿದು ನಿಂತರು. ಕೆಮ್ಮು ನಿಂತ ಮೇಲೆ ಅವ್ವ ಮೇಡಮ್ಮಿಗೆ ಹೇಳಿದಳು: "ನನ್ನ ಮಗಳನ್ನ ಭಾಳ ಛಲೋ ಇಟ್ಕೊಂಡಾರ. ಅದನ್ನೂ ಬರಕೋರಿ."

"ಅಮ್ಮಾ, ಇದರಲ್ಲಿ ಅದಕ್ಕೆ ಕಾಲಂ ಇಲ್ಲ."

"ಇಲ್ದಿದ್ರ ಬಾಜೂಕ ಬರೀರಿ. ಬರೇ ಕೆಟ್ಟದ್ದೇ ಬರದ್ರ ಹೆಂಗ?" ಅಂದಳು ಅವ್ವ. ಮೇಡಮ್ಮು ನಿಜವಾಗಿಯೂ ಪಕ್ಕದಲ್ಲಿ ಏನೋ ಗೀಚಿದರು. ಅದು ಅದೇ ಮಾತೋ, ಅಲ್ಲವೋ, ನನಗೆ ತಿಳಿಯದು.

ಯಂತ್ರ ಸರಿಯಾಗಿ ಓಡಿ, ಮತ್ತೊಮ್ಮೆ ಪರೀಕ್ಷೆಯಾಗುವ ತನಕ ಹೊಟ್ಟು ಬಿಡಿಸುವ ಕೆಲಸ ಬಂದ್ ಎಂದು ಆದೇಶವಾಯಿತು. ಸುಗ್ಗಿ ಎದುರಿಗಿತ್ತು. ಕಮಲಾಪುರದಿಂದ ಕಲಬುರಗಿಗೆ ಮರಳಿದೆವು. ಮನೆಯಲ್ಲಿ ಮಾವ ತಟ್ಟೆಯ ಮುಂದೆ ಕೂತು ಉಣ್ಣದೆ ಹೇಳಿದರು: "ನನಗ ಹೇಳಬೇಕಿತ್ತು. ಸರಕಾರಕ್ಕ ಹೇಳಿದ್ರು. ಇನ್ನ ಆ ಮನ್ಯಾಗ ನಾ ನೀರು ಕುಡಿಯೂದಿಲ್ಲ."

ಗಂಡ ಎಂದಿನಂತೆ ಪಲ್ಲೆ ನೋಡುತ್ತಿದ್ದ. ನನಗೆ ಎಲ್ಲಿಂದ ಬಂತೋ ಸಿಟ್ಟು. "ಹೆಂಗ ಹೇಳ್ತಾಳ್ರಿ?" ಅಂದೆ. "ಹೆಣ್ಣು ಕೊಟ್ಟಾಳ, ನಿಮಗ ಎದುರು ಮಾತಾಡಂಗಿಲ್ಲ. ನನಗೂ ಮಾತಾಡಂಗಿಲ್ಲ, ಆದ್ರೂ ಇವತ್ತ ಆಡ್ತೀನಿ. ಸುಗ್ಗಿ ತುಂಬ ಅವ್ವ ಕೂತ ಕೂತೇ ಮಲಗ್ತಾಳ್ರಿ. ಕೌದಿಗೆ ಬೆನ್ನು ಹಚ್ಚಿ. ಕಿಡಕಿಗೆ ಹಸಿ ಸೀರಿ ಕಟ್ಟಿ." ಹೇಳುತ್ತಾ ಅಳುತ್ತಿದ್ದೆ. ಸಾರಿನ ಸೌಟು ಕೈಯಲ್ಲೇ ಇತ್ತು. ಮಾವ ಕೈ ತೊಳೆದು ಎದ್ದುಹೋದರು.

ತವರಿನ ಬಾಗಿಲು ಮುಚ್ಚಿಹೋಯಿತು ಎಂದೇ ನಾನು ಅಂದುಕೊಂಡೆ. ಅದು ನನ್ನ ಬದುಕಿನ ಕೆಟ್ಟ ವಾರ. ಅವ್ವ ಫೋನ್ ಮಾಡಿ, "ನಿನಗೇನರೇ ತ್ರಾಸ ಕೊಟ್ರೇನು?" ಎಂದು ಕೇಳಿದಳು. "ಇಲ್ಲ, ಸುಮ್ಮಕ ಅದಾರ," ಅಂದೆ. "ನನಗೂ ಅಂಜಿಕಿ ಇತ್ತವ್ವಾ," ಅಂದಳು. "ಆದ್ರ ನಿನಗ ತವರು ಉಳೀಬೇಕಂದ್ರ ಮದಲ ನನ್ನ ಉಸರು ಉಳೀಬೇಕಲ್ಲ." ಆಮೇಲೆ, ಬೇಡವೆಂದರೂ ದನಿಯಲ್ಲಿ ಖುಷಿ ತುಳುಕಿ, "ನಿನ್ನಿ ಕಾಲು ಚಾಚಿ ಮಲಗಿದ್ದೆ," ಅಂದಳು.

ಮಿಲ್ಲಿಗೆ ಮೆಕ್ಯಾನಿಕ್ ಬಂದ. ಧೂಳು ಎ‍ಳೆಯುವ ಕೊಳವೆಯ ಒಂದು ತುದಿಯನ್ನು ಇನ್ನೂ ಯಾವುದಕ್ಕೂ ಜೋಡಿಸಿಯೇ ಇಲ್ಲ ಎಂದು ಅವನು ಕಂಡುಹಿಡಿದ. ಜೋಡಿಸಿದ. ಚೀಲಗಳ ಮೇಲಿನ ಕುಂಕುಮ ತೊಳೆಯಬೇಕು ಅಂದಾಗ ಮಾವ ಕಣ್ಣು ಮುಚ್ಚಿ ಕೈ ಮುಗಿದು, "ತೊಳೀರಿ," ಅಂದರು. ಮೇಡಮ್ಮು ಮತ್ತೆ ಬಂದು, ಓಡಿಸಿ ನೋಡಿ, ಒಪ್ಪಿದರು. ಹಾಗೆ ಒಂದು ದಿನ ಬೆಳಗ್ಗೆ ಆ ಯಂತ್ರ ಮೊದಲ ಸಲ ಇಡೀ ದಿನದ ಕೆಲಸಕ್ಕೆ ನಿಂತಿತು. ಮಾವ ಮಿಲ್ಲಿನೊಳಗೆ ಕಾಲಿಡಲಿಲ್ಲ. ಬದುವಿನ ಹತ್ತಿರ ಖುರ್ಚಿ ಹಾಕಿಸಿಕೊಂಡು ಬಾಳೆಯ ಎಲೆಗಳನ್ನೇ ನೋಡುತ್ತಾ ಕೂತರು. ಗಾಳಿ ಆ ಕಡೆಗೇ ಬೀಸುತ್ತಿತ್ತು. ಎಲೆ ಹಸಿರಾಗಿಯೇ ಇತ್ತು.

ಸಂಜೆಗೆ ಯಂತ್ರದ ಬುಡದ ಬಾಗಿಲು ತೆಗೆಯಬೇಕು, ಸೇರಿದ ಧೂಳನ್ನು ಚೀಲಕ್ಕೆ ತುಂಬಬೇಕು. ಆಳು ಒಂದು ಖಾಲಿ ಗೋಣಿ ಹಿಡಿದು ನಿಂತ. ಬಾಗಿಲು ತೆಗೆದದ್ದೇ ತಡ, ಕೆಂಪು-ಹಳದಿ ಪುಡಿ ಸುರಿಯತೊಡಗಿತು. ಗೋಣಿ ತುಂಬಿತು. ಇನ್ನೊಂದು ತಂದರು, ಅದೂ ತುಂಬಿತು. ಮಾವ ಜೀವನವಿಡೀ ತೊಗರಿಯ ಚೀಲ ನೋಡಿದವರು, ಧೂಳನ್ನು ಚೀಲದಲ್ಲಿ ಕಂಡದ್ದು ಅದೇ ಮೊದಲು. ಹತ್ತಿರ ಬಂದು ಗೋಣಿಯಲ್ಲಿ ಮೊಣಕೈ ತನಕ ಕೈ ಇಳಿಸಿದರು. ಕೈ ಹೊರಗೆ ತೆಗೆದು ಬೆರಳುಗಳನ್ನು ಉಜ್ಜಿ ನೋಡಿದರು.

"ಇದು ಒಂದ ದಿನದ್ದೇನು?" ಎಂದು ಕೇಳಿದರು.

ಆಮೇಲೆ ಆ ಕೈಯನ್ನು ಒರೆಸಿಕೊಳ್ಳದೆ ಹಾಗೆಯೇ ಬದು ದಾಟಿ ನಡೆದರು. ಕರೆಯದೆ ಬೀಗರ ಮನೆಗೆ ಹೋದವರಲ್ಲ ಅವರು. ನಾನು ಹಿಂದೆ ಓಡಿದೆ. ಅವ್ವ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದವಳು ಗಾಬರಿಯಾಗಿ ಎದ್ದು ಸೆರಗು ಹೊದ್ದಳು. ಮಾವ ಧೂಳು ಮೆತ್ತಿದ ಕೈಯನ್ನು ಅವಳ ಮುಂದೆ ಚಾಚಿದರು. ನನಗಲ್ಲ, ಮೇಡಮ್ಮಿಗಲ್ಲ, ನೇರ ಅವಳಿಗೇ ಹೇಳಿದರು: "ಇದು ಎಲ್ಲಾ ನಿಮ್ಮ ಎದ್ಯಾಗ ಹೋಗ್ತಿತ್ರಿ, ಬೀಗ್ತೇರ. ನೀವು ನನಗ ಬಾಯಿ ತುಂಬ ಬೈಬೇಕಿತ್ತು."

"ಹೆಣ್ಣು ಕೊಟ್ಟವ್ರು ಬೈಬಾರದ್ರಿ," ಅಂದಳು ಅವ್ವ, ಅದೇ ಅರ್ಧ ದನಿಯಲ್ಲಿ.

"ಹಂಗಾರ ಇವತ್ತೊಂದು ದಿನ ನಾನೇ ಪರವಾನಗಿ ಕೊಟ್ಟೀನಿ. ಬೈರಿ."

ಅವ್ವ ನನ್ನನ್ನು ನೋಡಿದಳು. ಮಾವನನ್ನು ನೋಡಿದಳು. ಸೆರಗು ತಲೆಯಿಂದ ಇಳಿಸಿ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಶುರು ಮಾಡಿದಳು ನೋಡಿ! ಯಂತ್ರಕ್ಕೆ ಹಾಕಿದ ಮಾಲೆಯಿಂದ ಹಿಡಿದು, ಪ್ಲಾಸ್ಟಿಕ್ ತೆಗೆಯದ ಸೋಫಾ, ಕೂತು ಕಳೆದ ರಾತ್ರಿಗಳು, ಒಣ ಹಾಕಿದಾಗ ಧೂಳು ಕೂತ ಶಂಡಿಗೆ, ತಾನೇ ತೋರಿಸಿದ ಜಾಗ, ಜೇನುತುಪ್ಪದ ಬಾಟಲಿ, ಒಂದನ್ನೂ ಬಿಡಲಿಲ್ಲ. ಆಜೂಬಾಜಿನವರು ಮಾಳಿಗೆ ಹತ್ತಿ ನಿಂತರು. ಮಾವ ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ತಲೆ ತಗ್ಗಿಸಿ, "ಹೌದ್ರಿ, ಹೌದ್ರಿ," ಅನ್ನುತ್ತಾ ಕೇಳಿಸಿಕೊಂಡರು. ನಾನು ಮಾತ್ರ ಬೈಗುಳದ ಕಡೆ ಗಮನ ಕೊಡಲಾರದೆ ಅವಳ ಎದೆಯನ್ನೇ ನೋಡುತ್ತಾ ನಿಂತಿದ್ದೆ, ಈಗ ಬರುತ್ತದೆ, ಈಗ ಬರುತ್ತದೆ ಎಂದು. ಹೊತ್ತು ಮುಳುಗುವ ತನಕ ಅವ್ವ ಗಂಟಲು ಬಿಚ್ಚಿ ಬೈದಳು. ನಡುವೆ ಒಮ್ಮೆಯೂ ಕೆಮ್ಮಲಿಲ್ಲ.